ಕ್ವೀನ್ಸ್‌ಬರಿಯ ಹಿಮಗಾಡಿ ಡಾಕ್ಟ್ರು

"ಅವರದು ಬಹಳ ಶಾಂತ ಸ್ವಭಾವ" ಎಂದು ಮೈಕಿನ ಮುಂದೆ ನಿಂತ ಮೂರನೆಯವರೂ ಹೇಳಿದಾಗ ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಗಂಡನನ್ನು ತಿವಿದು, "ಇವ್ರೆಲ್ಲ ಯಾರ ವಿಷ್ಯ ಮಾತಾಡ್ತಿದಾರೆ?" ಎಂದೆ. ಅವರು "ಶ್, ಸುಮ್ನಿರೇ" ಎಂದು ಕಣ್ಣು ಬಿಟ್ಟರು. ಕ್ವೀನ್ಸ್‌ಬರಿಯ ಚರ್ಚ್ ಹಾಲಿನಲ್ಲಿ ಲಂಡನ್ನಿನ ನಮ್ಮ ಕನ್ನಡದವರು ಸೇರಿಸಿದ್ದ ಶ್ರದ್ಧಾಂಜಲಿ ಸಭೆ ಅದು. ಎದುರಿನ ಮೇಜಿನ ಮೇಲೆ ನಮ್ಮ ಡಾಕ್ಟ್ರ ಫೋಟೋ, ಅದಕ್ಕೊಂದು ಹಾರ. ಫೋಟೋದಲ್ಲೂ ಅವರು ಅಲುಗಾಡಿ ಒಂದು ಕಿವಿ ಮಸುಕಾಗಿತ್ತು. ಇದ್ದದ್ದರಲ್ಲಿ ಅದೇ ವಾಸಿ ಎಂದು ಅವರ ಹೆಂಡತಿ, ನಾವೆಲ್ಲ ವೈನಿ ಎನ್ನುವವರು, ಆರಿಸಿದ್ದರಂತೆ.

ಹಾಗೆ ಹೇಳಿದವರೆಲ್ಲ ಡಾಕ್ಟ್ರ ಆಸ್ಪತ್ರೆಯವರು, ಅವರು ಹೇಳಿದ್ದು ಸುಳ್ಳಲ್ಲ, ಬಿಡಿ. ಡಾಕ್ಟ್ರು ಅರಿವಳಿಕೆ ಕೊಡುವ ತಜ್ಞರು. ಅವರ ಜೊತೆ ಆಪರೇಷನ್ ಥಿಯೇಟರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಉಡುಪಿ ಕಡೆಯ ಸಿಸ್ಟರ್ ಒಬ್ಬರು ಟೂಟಿಂಗ್‌ನಿಂದ ಎರಡು ರೈಲು ಬದಲಿಸಿ ಬಂದಿದ್ದರು. "ಪೇಷಂಟ್ ಹೆದರಿ ಅಳ್ತಾ ಇದ್ರೆ ಇವರು ಕೈ ಹಿಡ್ಕೊಂಡು, ನಿಮ್ಮ ಊರು ಯಾವುದು, ಅಲ್ಲಿ ಎಂತ ಬೆಳೀತದೆ ಅಂತ ಕೇಳುವುದು. ಉತ್ತರ ಮುಗಿಯುವ ಮೊದಲೇ ನಿದ್ರೆ ಬಂದಾಗಿರ್ತದೆ. ಅಷ್ಟು ಶಾಂತ ಗೊತ್ತುಂಟಾ?" ಎಂದು ಸಿಸ್ಟರ್ ಕಣ್ಣು ಒರೆಸಿಕೊಂಡರು. ಪಾಪ, ಅವರು ಕಂಡದ್ದು ಥಿಯೇಟರಿನ ಡಾಕ್ಟ್ರನ್ನು. ಪಕ್ಕದ ಮನೆಯಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡು ಬದುಕಿದವಳು ನಾನು. ಬೇರೆಯವರನ್ನೆಲ್ಲ ಮಲಗಿಸಿ ಮಲಗಿಸಿ ಆ ಮನುಷ್ಯನಿಗೆ ತಾನು ಸುಮ್ಮನೆ ಕೂರುವುದೇ ಮರೆತುಹೋಗಿತ್ತು ಎಂದು ನನ್ನ ಅಂದಾಜು.

ಊಟಕ್ಕೆ ಕರೆದರೆ ತಟ್ಟೆ ಹಿಡಿದು ಮನೆಯೆಲ್ಲ ಸುತ್ತುತ್ತಾ ತಿನ್ನುವರು. ಸಾರಿನ ತಟ್ಟೆ ನಮ್ಮ ಕಾರ್ಪೆಟ್ ಮೇಲೆ ಅಡ್ಡಾಡುವುದನ್ನು ನೋಡುತ್ತಾ ನನ್ನ ಜೀವ ಬಾಯಿಗೆ ಬರುತ್ತಿತ್ತು. ಯುಗಾದಿ ಕಾರ್ಯಕ್ರಮಕ್ಕೆ ಹೋದರೆ ಹಿಂದಿನ ಬಾಗಿಲ ಹತ್ತಿರ ನಿಂತು, ಎರಡು ಹಾಡಿಗೊಮ್ಮೆ ಕಾರ್‌ ಪಾರ್ಕಿನ ತನಕ ಹೋಗಿಬಂದು, ಯಾರದಾದರೂ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಬಂದು ಹೇಳುವರು. ಮಾತಾಡುತ್ತಾ ನಿಮ್ಮ ಮಣಿಕಟ್ಟು ಹಿಡಿದು ನಾಡಿ ನೋಡುವರು. ಇನ್ನೊಂದು ಚಾಳಿಯಂತೂ ಹೇಳಿದರೆ ನಗುತ್ತೀರಿ: ಹೊಸಬರು ಯಾರೇ ಸಿಕ್ಕಲಿ, ಅವರ ಗದ್ದ, ಕುತ್ತಿಗೆ ನೋಡಿ, ಇವರಿಗೆ ಅರಿವಳಿಕೆ ಕೊಡುವಾಗ ಗಂಟಲಿಗೆ ನಳಿಗೆ ಇಳಿಸುವುದು ಸುಲಭವೋ ಕಷ್ಟವೋ ಎಂದು ತೂಗುವರು. ನನ್ನ ಅತ್ತೆ ಮೈಸೂರಿನಿಂದ ಬಂದಿದ್ದಾಗ, ನಮಸ್ಕಾರ ಮುಗಿಯುವ ಮುಂಚೆ, "ಅಮ್ಮಾರ, ಒಂದ್ ಸ್ವಲ್ಪ ಬಾಯಿ ದೊಡ್ಡದಾಗಿ ತೆಗೀರಿ ನೋಡೋಣ" ಎಂದುಬಿಟ್ಟರು. ಅತ್ತೆ ತೆಗೆದರು. "ಅಗದೀ ಛಲೋ ಅದ" ಎಂದು ಸರ್ಟಿಫಿಕೇಟು ಕೊಟ್ಟರು. ಅತ್ತೆ ಊರಿಗೆ ಹೋಗಿ ಅದನ್ನೇ ಹೊಗಳಿಕೆ ಎಂದು ಹೇಳಿಕೊಂಡು ಓಡಾಡಿದರು.

ನಮ್ಮ ಪರಿಚಯವಾದದ್ದೇ ಜಗಳದಿಂದ. ಆ ಮನೆಗೆ ನಾವು ಹೊಸದಾಗಿ ಬಂದಿದ್ದೆವು. ಒಂದು ಭಾನುವಾರ, ಲಂಡನ್ನಿಗೆ ಅಪರೂಪಕ್ಕೆ ಬಿಸಿಲು ಬಂತಲ್ಲ ಎಂದು ಹಾಸಿಗೆ ಹೊದಿಕೆ ಎಲ್ಲ ಒಗೆದು ಹಿತ್ತಲಲ್ಲಿ ಹರವಿದೆ. ಅರ್ಧ ಗಂಟೆಯಾಗಿರಲಿಲ್ಲ, ಪಕ್ಕದ ಗ್ಯಾರೇಜಿನಿಂದ ಪಟಪಟಪಟ ಎಂಬ ಸದ್ದು, ಹಿಂದೆಯೇ ನೀಲಿ ಹೊಗೆ. ನನ್ನ ಬಿಳಿ ಬೆಡ್‌ಶೀಟೆಲ್ಲ ಸುಟ್ಟ ಎಣ್ಣೆಯ ವಾಸನೆ. ನನಗೆ ಸಿಟ್ಟು ಬಂದರೆ ಬಾಯಿಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡದಲ್ಲೇ ಬೈದುಕೊಂಡು ಹೋಗಿ ಗ್ಯಾರೇಜಿನ ಬಾಗಿಲಲ್ಲಿ ನಿಂತೆ. ಒಳಗೆ ನೆಲದ ಮೇಲೆ ಕೂತಿದ್ದ ಮನುಷ್ಯ ಎಂಜಿನ್ ನಿಲ್ಲಿಸಿ, ಮುಖವರಳಿಸಿ, "ಮೈಸೂರಿನವ್ರೇನು? ನಿಮ್ಮ ಕಡೆ ಬೈಗಳಾ ಭಾಳ ಛಂದ ಕೇಳಸ್ತಾವ. ಇನ್ನೊಮ್ಮೆ ಬೈರಿ" ಎಂದರು. ಇಂಥವರ ಹತ್ತಿರ ಹೇಗೆ ಜಗಳವಾಡುತ್ತೀರಿ?

ಅವರ ಪಕ್ಕ ನಿಂತಿದ್ದ ಹಳದಿ ವಸ್ತು ನೋಡಿ, ದೋಣಿಯೇ ಎಂದು ಕೇಳಿದೆ. ಮುಂದೆ ಜಾರುವ ಹಲಗೆಯಂಥ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರ್ ಪಟ್ಟಿ, ನಡುವೆ ಸ್ಕೂಟರಿಗಿರುವಂಥ ಉದ್ದನೆಯ ಸೀಟು. ಸ್ನೋಮೊಬೈಲ್, ಹಿಮದ ಮೇಲೆ ಓಡಿಸುವ ಗಾಡಿ. ಧಾರವಾಡದಲ್ಲಿ ಹುಟ್ಟಿದ ಡಾಕ್ಟ್ರು ಲಂಡನ್ನಿಗೆ ಬರುವ ಮುಂಚೆ ಕೆನಡಾದ ಉತ್ತರ ತುದಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದ್ದರಂತೆ. ಅಲ್ಲಿ ಚಳಿಗಾಲದಲ್ಲಿ ಮನೆಯಿಂದ ಆಸ್ಪತ್ರೆಗೆ ಹೋಗಬೇಕಾದರೂ ಇದೇ ಗಾಡಿ. ಹುಚ್ಚು ಅಲ್ಲಿಂದ ಹತ್ತಿದ್ದು. ಇಲ್ಲಿಗೆ ಬಂದ ಮೇಲೆ, ತಮ್ಮ ವಯಸ್ಸಿಗೆ ಸಮನಾದ ಎರಡು ಹಳೆಯ ಗಾಡಿಗಳನ್ನು ಎಲ್ಲಿಂದಲೋ ಹುಡುಕಿ ತಂದು ಗ್ಯಾರೇಜಿನಲ್ಲಿ ಇಟ್ಟುಕೊಂಡಿದ್ದರು. ಒಂದು ಓಡುವುದಕ್ಕೆ, ಇನ್ನೊಂದು ಅದಕ್ಕೆ ಅಂಗಾಂಗ ದಾನ ಮಾಡುವುದಕ್ಕೆ. ಓಡುವ ಗಾಡಿಗೆ 'ಎಮ್ಮಿ' ಎಂದು ಹೆಸರು. "ಯಾಕಂದ್ರ ಇದು ಮನಸ್ಸು ಬಂದಾಗ ಏಳ್ತದ, ಮನಸ್ಸು ಬಂದಾಗ ಕೂಡ್ತದ" ಎಂದು ವಿವರಣೆ.

ಎಮ್ಮಿಯನ್ನು ಎಬ್ಬಿಸುವುದೇ ಒಂದು ಸಂಭ್ರಮ. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಹಿಡಿಕೆ ಕಟ್ಟಿದ ಹಗ್ಗವನ್ನು ಭುಜ ಕಿತ್ತು ಬರುವ ಹಾಗೆ ಎಳೆಯಬೇಕು. ಆಗಲೂ ಏಳದಿದ್ದರೆ, ಊರಲ್ಲಿ ಎಲ್ಲರೂ ಹಳೆ ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ ಕಿಕ್ ಹೊಡೆಯುತ್ತಿದ್ದೆವಲ್ಲ, ಹಾಗೆ ಡಾಕ್ಟ್ರು ಅದನ್ನೂ ವಾಲಿಸಿ, ಒಂದು ನಿಮಿಷ ಹಾಗೇ ಹಿಡಿದು, ಮತ್ತೆ ಎಳೆಯುವರು. ಎದ್ದುಬಿಡುತ್ತಿತ್ತು! ಎದ್ದ ಕೂಡಲೇ ಅವರಿಗೆ ಸಮಾಧಾನವಾಗುತ್ತಿತ್ತು ಅಂದುಕೊಳ್ಳಬೇಡಿ. ಸದ್ದಿನಲ್ಲಿ ಏನೋ ವ್ಯತ್ಯಾಸ ಅದ ಎಂದು ಮತ್ತೆ ಬಿಚ್ಚುವರು. ಹಿಮವೇ ಬೀಳದ ಊರಿನಲ್ಲಿ ಹನ್ನೆರಡು ತಿಂಗಳೂ ಹಿಮದ ಗಾಡಿಯ ರಿಪೇರಿ. ವೈನಿಯನ್ನು ಕೇಳಿದರೆ, "ಇರ್ಲಿ ಬಿಡವಾ, ಅದನ್ನ ಬಿಚ್ಚದಿದ್ರ ನನ್ನ ಮಿಕ್ಸರ್ ಬಿಚ್ತಾರ" ಎನ್ನುವರು.

ಫೆಬ್ರುವರಿ ಬಂತೆಂದರೆ ಎಮ್ಮಿಯನ್ನು ಟ್ರೇಲರಿಗೆ ಹತ್ತಿಸಿ, ವ್ಯಾನಿಗೆ ಕಟ್ಟಿ, ಹಡಗು ದಾಟಿಸಿ, ದೇಶದೇಶ ಹಾಯ್ದು ಗಂಡ ಹೆಂಡತಿ ಸ್ವೀಡನ್ನಿನ ಉತ್ತರಕ್ಕೆ ಹೋಗುವರು. ಅಲ್ಲಿ ಹೆಪ್ಪುಗಟ್ಟಿದ ಸರೋವರವೊಂದರ ದಂಡೆಯಲ್ಲಿ ಮರದ ಮನೆ ಬಾಡಿಗೆಗೆ ಹಿಡಿಯುವರು. ದಿನವೂ ಸರೋವರದ ಮೇಲೆ ಸವಾರಿ. ಡಾಕ್ಟ್ರು ಮುಂದೆ, ವೈನಿ ಹಿಂದೆ. ಮಗ ಹುಟ್ಟಿದ ವರ್ಷ ಬಿಟ್ಟರೆ ಈ ಯಾತ್ರೆ ತಪ್ಪಿದ್ದಿಲ್ಲ. ಮೂಳೆ ಕೊರೆಯುವ ಚಳಿ, ಕಿವಿ ಹರಿಯುವ ಸದ್ದು. ಅದರಲ್ಲಿ ಈಕೆಗೇನು ಸುಖ ಎಂದು ನನಗೆ ಅರ್ಥವಾಗುತ್ತಿರಲಿಲ್ಲ. ಒಮ್ಮೆ ಕೇಳಿದೆ. "ವರ್ಷಕ್ಕೊಮ್ಮೆ ಅವರು ಒಂದ್ ಜಾಗಾದಾಗ ಕೂಡ್ತಾರ. ಅವರ ಹಿಂದನಽ ನಾನೂ ಕೂತಿರ್ತೇನಿ. ಅಷ್ಟ ಸಾಕು" ಎಂದರು.

ಈ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಯಾಕೆಂದರೆ ಸ್ವಲ್ಪ ದಿನಕ್ಕೇ ಡಾಕ್ಟ್ರ ಬಲಗೈ ನಡುಗಲು ಶುರುವಾಯಿತು. ನರದ ಕಾಯಿಲೆ. ಅವರು ಯಾರಿಗೂ ಮುಚ್ಚಿಡಲಿಲ್ಲ. ಮರುವಾರವೇ ಆಸ್ಪತ್ರೆಯಲ್ಲಿ ತಾವಾಗಿ ಹೇಳಿ ಥಿಯೇಟರಿನಿಂದ ಹೊರಗೆ ಬಂದರು. ಕಾರು ಓಡಿಸುವುದನ್ನೂ ಬಿಟ್ಟರು. ನಾನು ಫಾರ್ಮಸಿಯಲ್ಲಿ ಕೆಲಸ ಮಾಡುವವಳು, ಅವರ ಮಾತ್ರೆ ನನ್ನ ಕೈಯಿಂದಲೇ ಹೋಗುತ್ತಿತ್ತು. ಕೌಂಟರಿನ ಮೇಲೆ ಕೈ ಇಟ್ಟು, "ನೋಡವಾ ಮೈಸೂರು, ಇಷ್ಟು ದಿನ ನಾ ಕೈ ಆಡಿಸ್ತಿದ್ದೆ, ಈಗ ಕೈ ನನ್ನ ಆಡಸ್ತದ" ಎಂದರು. ನಾನು ನಗಲಿಲ್ಲ. ಅವರೂ ನಗಲಿಲ್ಲ. ಅಂಗಡಿಯಲ್ಲಿದ್ದ ಕೆಮ್ಮಿನ ಔಷಧಿಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿ ವಾಪಸಿಟ್ಟು ಹೋದರು.

ಎಲ್ಲ ಬಿಟ್ಟರೂ ಫೆಬ್ರುವರಿ ಬಿಡಲಿಲ್ಲ. ಆ ವರ್ಷ ವ್ಯಾನನ್ನು ಪೂರಾ ವೈನಿಯೇ ಓಡಿಸಿದರು. ಸರೋವರದ ನಟ್ಟನಡುವೆ ಎಮ್ಮಿ ನಿಂತುಬಿಟ್ಟಿತು. ಡಾಕ್ಟ್ರು ಹಗ್ಗ ಎಳೆದರು, ಕೈಯಲ್ಲಿ ಬಲವಿಲ್ಲ. ವೈನಿ ಎಳೆದರು, ಅವರಿಂದ ಅದು ಎಂದೂ ಆಗಿದ್ದಲ್ಲ. ವಾಲಿಸಿದರು, ಗುದ್ದಿದರು, ಕೊನೆಗೆ ಡಾಕ್ಟ್ರು ಬೈದರು. ಗಾಳಿ ಎದ್ದಿತು, ದಂಡೆ ಕಾಣದಾಯಿತು. ಆ ಊರಿನವನೊಬ್ಬ ಹೊಸ ಗಾಡಿಯಲ್ಲಿ ಅತ್ತ ಬಂದವನು ಎಮ್ಮಿಗೆ ಹಗ್ಗ ಕಟ್ಟಿ ಎಳೆದುಕೊಂಡು ದಡ ಸೇರಿಸಿದ. ವೈನಿಯ ಎರಡು ಬೆರಳ ತುದಿ ಚಳಿಗೆ ಬೆಂದು ಕಪ್ಪಾಗಿದ್ದವು. ಲಂಡನ್ನಿಗೆ ಬಂದ ದಿನವೇ ಅವರು ಗಂಡನಿಗೆ ಹೇಳಿದ ಮಾತು ನನಗೂ ಹೇಳಿದರು: "ಹೊಸಾ ಗಾಡಿ ತಗೊಳ್ರಿ, ಇಲ್ಲಾಂದ್ರ ನಾ ಇನ್ನ ಬರೂದಿಲ್ಲ."

ಮರುದಿನ ಬೆಳಿಗ್ಗೆ ಡಾಕ್ಟ್ರು ನಮ್ಮ ಅಡುಗೆಮನೆಯಲ್ಲಿ ಹಾಜರು. ಕೂರಲಿಲ್ಲ, ಸರಿ. ಫ್ರಿಜ್ಜಿಗೂ ಸಿಂಕಿಗೂ ನಡುವೆ ಅತ್ತಿತ್ತ.

"ನಿಮ್ಮ ವೈನಿಗೆ ಸ್ವಲ್ಪ ಬುದ್ಧಿ ಹೇಳು."

"ಯಾರಿಗೆ ಹೇಳ್ಬೇಕು ಅಂತ ನಾನು ಆಮೇಲೆ ಹೇಳ್ತೀನಿ. ಹೊಸ ಗಾಡಿ ತಗೊಂಡ್ರೆ ಏನ್ ಗಂಟು ಹೋಗುತ್ತೆ ನಿಮಗೆ?"

"ಅದೇನ್ ಗಾಡಿ ಅದು! ಗುಂಡಿ ಒತ್ತಿದ್ರ ಚಾಲೂ. ಗುಂಡಿ ಒತ್ತಿದ್ರ ಹಿಂದ ಹೋಗ್ತದ. ಹಿಡಿಕಿ ಬಿಸಿ, ಸೀಟು ಬಿಸಿ, ಮುಂದ ಟೀವಿಗತೆ ಒಂದ್ ಪರದಾ. ನಾ ಅದರ ಮ್ಯಾಲೆ ಕೂತು ಏನ್ ಮಾಡ್ಲಿ? ಬೀಗರ ಮನಿಗೆ ಹೋದಂಗ ಕೂಡಬೇಕು. ಎಮ್ಮಿ ಆದ್ರ ಎಲ್ಲೆಲ್ಲಿ ಏನೇನದ ಅಂತ ನನಗ ಗೊತ್ತದ. ಕೆಟ್ರ ಬಿಚ್ಚತೇನಿ."

"ಕೆಟ್ಟಿತ್ತಲ್ಲ ಈಗ? ಬಿಚ್ಚಿದ್ರಾ?"

ಡಾಕ್ಟ್ರು ಸಿಂಕಿನ ನಲ್ಲಿ ತಿರುಗಿಸಿ ನೋಡಿದರು, ನಿಲ್ಲಿಸಿದರು. ನನಗೆ ರೇಗಿತು.

"ಡಾಕ್ಟ್ರೇ, ಒಂದು ಕೇಳ್ತೀನಿ. ಥಿಯೇಟರ್‌ನಲ್ಲಿ ನಿಮ್ಮ ವಯಸ್ಸಿನ ಮಷೀನ್ ತಂದಿಟ್ಟು, ಕೆಟ್ರೆ ವಾಲಿಸಿ ಸ್ಟಾರ್ಟ್ ಮಾಡಿ ಅಂದಿದ್ರೆ ಒಪ್ತಿದ್ರಾ?"

"ಹುಚ್ಚಿ ಇದ್ದೀ ಏನು? ಅಲ್ಲಿ ಟೇಬಲ್ ಮ್ಯಾಲೆ ಮಂದಿ ಜೀವ ಇರ್ತದ."

"ಮತ್ತೆ ಎಮ್ಮಿ ಹಿಂದೆ ಕೂತ್ಕೊಳ್ಳೋದು ಯಾರ ಜೀವ?"

ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ, ಬಾಯಿಂದ ಬಂದುಹೋಯಿತು. ಡಾಕ್ಟ್ರು ಫ್ರಿಜ್ಜಿನ ಹತ್ತಿರ ನಿಂತರು. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು. ಕಾಫಿ ಕುಡಿಯದೆ ಹೋದರು. ಸಂಜೆಯೊಳಗೆ ಎರಡೂ ಹಳೆ ಗಾಡಿಗಳನ್ನು ಮಾರುವ ಜಾಹೀರಾತು ಹಾಕಿಯಾಗಿತ್ತು. ಆ ಮನುಷ್ಯನಿಗೆ ತೀರ್ಮಾನ ಮಾಡುವವರೆಗೆ ತಳಮಳ, ಮಾಡಿದ ಮೇಲೆ ಅವಸರ.

ಹಳೆ ಯಂತ್ರಗಳನ್ನು ಕೂಡಿಸುವ ವೇಲ್ಸಿನ ದಂಪತಿ ಬಂದು ಎರಡನ್ನೂ ಒಯ್ದರು. ಡಾಕ್ಟ್ರು ಟ್ರೇಲರಿನ ಪಕ್ಕಪಕ್ಕಕ್ಕೇ ಬೀದಿಯ ತಿರುವಿನವರೆಗೆ ನಡೆಯುತ್ತಾ, ಅವರ ಕಾರಿನ ಕಿಟಕಿಯೊಳಗೆ ತಲೆ ಹಾಕಿ, ಚಳಿಯಲ್ಲಿ ಎಷ್ಟು ಚೋಕ್ ಎಳೆಯಬೇಕೆಂದು ಹೇಳುತ್ತಲೇ ಇದ್ದರು. ಮಗಳನ್ನು ಗಂಡನ ಮನೆಗೆ ಕಳಿಸುವವರೂ ಅಷ್ಟು ಹೇಳುವುದಿಲ್ಲ. ವಾಪಸ್ಸು ಬಂದು ಖಾಲಿ ಗ್ಯಾರೇಜಿನಲ್ಲಿ ಎಣ್ಣೆಯ ಕಲೆ ನೋಡುತ್ತಾ ನಿಂತರು. ನನಗೆ ಅಯ್ಯೋ ಅನಿಸಿತು. ಅವತ್ತು ಅವರನ್ನು ಊಟಕ್ಕೆ ಕರೆದು, ತಟ್ಟೆ ಹಿಡಿದು ಎಲ್ಲಿ ಬೇಕಾದರೂ ಸುತ್ತಿ ಎಂದೆ.

ಹೊಸ ಗಾಡಿ ಬಂದದ್ದು ಸುಡುಬೇಸಗೆಯಲ್ಲಿ. ಬೀದಿಯವರೆಲ್ಲ ಫ್ಯಾನ್ ಹಾಕಿಕೊಂಡು ಒದ್ದಾಡುತ್ತಿದ್ದಾಗ ದೊಡ್ಡ ಲಾರಿಯಿಂದ ಕರಿಯ ಹೊಳಪಿನ ಹಿಮಗಾಡಿ ಇಳಿಯಿತು. ಎದುರುಮನೆಯ ಗುಜರಾತಿ ಅಜ್ಜಿ ಕುರ್ಚಿ ತಂದು ಹಾಕಿಕೊಂಡು ನೋಡಲು ಕೂತರು. ವೈನಿ ಕುಂಕುಮ, ಆರತಿ, ನಿಂಬೆಹಣ್ಣು ತಂದರು. ಕಾರಾದರೆ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಮುಂದೆ ಓಡಿಸುತ್ತೇವೆ. ಇದಕ್ಕೆ ಚಕ್ರವೂ ಇಲ್ಲ, ಮುಂದೆ ಓಡುವಂತೆಯೂ ಇಲ್ಲ. ಕೊನೆಗೆ ನನ್ನ ಗಂಡನೂ ಲಾರಿಯವನೂ ಮೂತಿ ಎತ್ತಿ ಹಿಡಿದು, ಸ್ಕೀಗಳ ಕೆಳಗೆ ನಿಂಬೆಹಣ್ಣಿಟ್ಟ ಮೇಲೆ ಧಡ್ ಎಂದು ಬಿಟ್ಟರು. ರಸ ಲಾರಿಯವನ ಕಣ್ಣಿಗೆ ಹಾರಿತು.

ಲಾರಿ ಹೋದ ಮೇಲೆ ಡಾಕ್ಟ್ರು ಸೀಟಿನ ಮೇಲೆ ಕೂತು ಗುಂಡಿ ಒತ್ತಿದರು. ಸದ್ದಿಲ್ಲ. ಮತ್ತೊಮ್ಮೆ ಒತ್ತಿದರು. ಇಲ್ಲ. ಅವರ ಕಣ್ಣಿನಲ್ಲಿ ಆಗ ಬಂದ ಬೆಳಕು ನೋಡಬೇಕಿತ್ತು ನೀವು. ಗಾಡಿ ಕೆಟ್ಟಿದೆ!

"ಪೆಟ್ರೋಲ್ ಏರಿಲ್ಲ. ಹಿಡೀರಿ, ವಾಲಸೋಣ" ಎಂದು ಇಳಿದರು. ನನ್ನ ಗಂಡ ಬೆಂಗಳೂರಿನಲ್ಲಿ ಸ್ಕೂಟರ್ ಸವೆಸಿದವರು, ಎರಡನೇ ಯೋಚನೆಯಿಲ್ಲದೆ ಆ ಕಡೆ ಹಿಡಿದರು. ನಾನೂ ಹಿಡಿದೆ, ನನಗೂ ಅದು ಸರಿಯಾದ ಮಾತು ಅಂತಲೇ ಅನಿಸಿತ್ತು. ಮೂರು ಜನ ಓದಿದವರು ಉಸಿರು ಕಟ್ಟಿ ಆ ಭಾರದ ಯಂತ್ರವನ್ನು ಪಕ್ಕಕ್ಕೆ ವಾಲಿಸಿದೆವು. ಒಳಗೆ ಕುಂಯ್ ಕುಂಯ್ ಎಂದು ಶುರುವಾಯಿತು. ಪರದೆಯ ಮೇಲೆ ಕೆಂಪು ದೀಪ ಹತ್ತಿತು. ಗಾಡಿ ಮಗುಚಿದೆ, ಸವಾರ ಬಿದ್ದಿದ್ದಾನೆ ಎಂದು ಅದು ತಿಳಿದುಕೊಂಡಿತ್ತಂತೆ. ಗುಜರಾತಿ ಅಜ್ಜಿ ಎದ್ದು ನಿಂತು ಏನೋ ಕೂಗಿದರು.

ಆರತಿ ತಟ್ಟೆ ಒಳಗಿಟ್ಟು ಬಂದ ವೈನಿ, "ಏನ್ ಮಾಡ್ಲಿಕ್ಕತ್ತೀರಿ? ಬಿಡ್ರಿ ಅದನ್ನ, ನೆಟ್ಟಗ ನಿಲ್ಲಸ್ರಿ" ಎಂದು ಗದರಿದರು. ನಿಲ್ಲಿಸಿದೆವು. ಅವರು ಹ್ಯಾಂಡಲಿಗೆ ನೇತುಬಿದ್ದಿದ್ದ ದಾರದ ತುದಿಯ ಬಿರಡೆಯನ್ನು ಅದರ ಜಾಗಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ತಮ್ಮ ಸೆರಗಿಗೆ ಚುಚ್ಚಿಕೊಂಡು, ಸ್ವಲ್ಪ ಕಾದು ಗುಂಡಿ ಒತ್ತಿದರು. ಎಂಜಿನ್ ಮೆಲ್ಲಗೆ ಗುರುಗುಟ್ಟಿತು. ಸವಾರ ಬಿದ್ದರೆ ದಾರ ಕಿತ್ತು ಗಾಡಿ ತಾನೇ ನಿಲ್ಲಲಿ ಅಂತ ಆ ವ್ಯವಸ್ಥೆ. ಲಾರಿಯವನು ಹೇಳುವಾಗ ಕೇಳಿಸಿಕೊಂಡವರು ವೈನಿ ಒಬ್ಬರೇ. "ಸಾಕು, ಇಲ್ಲೆ ಭಾಳ ಹೊತ್ತು ಚಾಲೂ ಇಡಬಾರದಂತ" ಎಂದು ಅವರೇ ನಿಲ್ಲಿಸಿದರು. ಓಡುವಾಗ ಹಾರುವ ಹಿಮ ತಾಗಿಯೇ ಈ ಎಂಜಿನ್ ತಣ್ಣಗಾಗಬೇಕು. ಹಿಮವಿಲ್ಲದಿದ್ದರೆ ಕಾದುಹೋಗುತ್ತದೆ.

ಡಾಕ್ಟ್ರಿಗೆ ಇದು ಎಂಥ ಶಿಕ್ಷೆ ಎಂದು ಆಮೇಲೆ ತಿಳಿಯಿತು. ಗಾಡಿ ಗ್ಯಾರೇಜಿನಲ್ಲಿದೆ, ಚಾಲೂ ಮಾಡುವಂತಿಲ್ಲ. ಬಿಚ್ಚೋಣವೆಂದರೆ ಬಿಚ್ಚಲು ಏನೂ ಕಾಣುವುದಿಲ್ಲ, ಎಲ್ಲ ಮುಚ್ಚಿದ ಪೆಟ್ಟಿಗೆ. ಅದನ್ನು ಒರೆಸುವರು, ಹೊದಿಕೆ ಹಾಕುವರು, ತೆಗೆಯುವರು, ಮತ್ತೆ ಒರೆಸುವರು. ಸಾಲದಾದಾಗ ಬಸ್ ಹತ್ತಿ ಎಲ್ಲೆಲ್ಲಿಗೋ ಹೋಗುವರು. ಒಂದು ದಿನ ಸ್ಟ್ರಾಟ್‌ಫರ್ಡಿನ ದೊಡ್ಡ ಮಳಿಗೆಯಲ್ಲಿ ನನ್ನ ಗೆಳತಿಯೊಬ್ಬಳ ಕಣ್ಣಿಗೆ ಬಿದ್ದರು. ಎಸ್ಕಲೇಟರಿನಲ್ಲಿ ಮೇಲೆ ಹೋಗುವುದು, ಕೆಳಗೆ ಬರುವುದು, ಮತ್ತೆ ಮೇಲೆ. ಏನು ಡಾಕ್ಟ್ರೇ ಎಂದರೆ, "ಫೆಬ್ರುವರಿಗೆ ಕಾಯ್ಲಿಕ್ಕತ್ತೇನಿ" ಎಂದರಂತೆ. ಅವರ ಕೈ ದಿನದಿನಕ್ಕೆ ಹೆಚ್ಚು ನಡುಗುತ್ತಿತ್ತು. ಮಾತ್ರೆಯ ಪ್ರಮಾಣ ಏರುತ್ತಿದ್ದುದು ನನಗೆ ಗೊತ್ತಿತ್ತು. ಇದು ಅವರ ಕೊನೆಯ ಸವಾರಿಯೋ ಏನೋ ಎಂಬ ಭಯ ನಮ್ಮೆಲ್ಲರಿಗೂ ಇತ್ತು.

ಆ ಫೆಬ್ರುವರಿಯಲ್ಲಿ ನಾವಿಬ್ಬರೂ ಜೊತೆಗೆ ಹೋದೆವು. ವ್ಯಾನ್ ಓಡಿಸಲು ವೈನಿಗೆ ನನ್ನ ಗಂಡನ ನೆರವು. ದಾರಿಯುದ್ದಕ್ಕೂ ಡಾಕ್ಟ್ರು ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ಇಳಿದು ಟ್ರೇಲರಿನ ಹಗ್ಗ ಬಿಗಿ ಮಾಡುವರು.

ಮೊದಲ ದಿನ ಬೆಳಿಗ್ಗೆ ಸರೋವರದ ಮೇಲೆ ಬಿಸಿಲು, ಗಾಳಿಯಿಲ್ಲ. ಡಾಕ್ಟ್ರು ದಾರ ಸಿಕ್ಕಿಸಿ ಕೂತರು, ವೈನಿ ಹಿಂದೆ ಹತ್ತಿದರು. ಗುಂಡಿ, ಗುರ್ರ್. ಈ ಗಾಡಿಗೆ ಆಕ್ಸಿಲರೇಟರ್ ಎಂದರೆ ಹ್ಯಾಂಡಲಿನ ಬಲಗಡೆ ಹೆಬ್ಬೆರಳಿನಲ್ಲಿ ಒತ್ತುವ ಪುಟ್ಟ ಲಿವರ್. ಅವರು ಒತ್ತಿದರು. ಗಾಡಿ ಛಂಗನೆ ನೆಗೆದು ಗಕ್ಕನೆ ನಿಂತಿತು. ಮತ್ತೆ ನೆಗೆಯಿತು, ನಿಂತಿತು. ವೈನಿಯ ತಲೆ ಹಿಂದಕ್ಕೂ ಮುಂದಕ್ಕೂ ಜೋಲಿ ಹೊಡೆಯಿತು.

ನಮಗೆ ಅರ್ಥವಾಗಲು ಹೊತ್ತು ಹಿಡಿಯಿತು. ಎಮ್ಮಿ ಜಡ. ಹೆಬ್ಬೆರಳು ನಡುಗಿದರೆ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಇದು ಚುರುಕು, ಬೆರಳಿನ ಒಂದೊಂದು ನಡುಕವನ್ನೂ ಹುಕುಂ ಎಂದು ತಿಳಿದು ಪಾಲಿಸುತ್ತಿತ್ತು. ಅವರು ಎಡಗೈಯನ್ನು ಅಡ್ಡ ತಂದು ಒತ್ತಿ ನೋಡಿದರು, ಆಗ ಹ್ಯಾಂಡಲ್ ತಿರುಗಿತು. ಕೊನೆಗೆ ನಿಲ್ಲಿಸಿ, ಇಳಿದು, ಗಾಡಿಯ ಸುತ್ತ ನಡೆಯತೊಡಗಿದರು. ಸುತ್ತು ಹಾಕಿದರು, ಮತ್ತೆ ಹಾಕಿದರು, ಹಿಮದಲ್ಲಿ ದಾರಿ ಬಿತ್ತು. ನನಗೆ ಕಣ್ಣೀರು ಬಂತು, ಸಿಟ್ಟೂ ಬಂತು. ನಾವೇ ಹಟ ಮಾಡಿ ಕೊಡಿಸಿದ ಗಾಡಿ ಅವರ ಸವಾರಿಯನ್ನೇ ನುಂಗಿತಲ್ಲ. "ಬಿಡಿ ಡಾಕ್ಟ್ರೇ, ನಾಳೆ ನೋಡೋಣ" ಎಂದೆ. "ನಾಳೆ ಕೈ ಬ್ಯಾರೆ ಬರ್ತದೇನು?" ಎಂದು ನನ್ನ ಮೇಲೆ ಹಾರಿಬಿದ್ದರು.

ವೈನಿ ಕೂತಲ್ಲಿಂದಲೇ ಮುಂದಕ್ಕೆ ಸರಿದರು. ದಾರದ ತುದಿಯನ್ನು ಗಂಡನ ಕೈಯಿಂದ ತೆಗೆದುಕೊಂಡು ತಮ್ಮ ಜಾಕೆಟ್ಟಿಗೆ ಚುಚ್ಚಿಕೊಂಡರು. ದೇಶದೇಶ ದಾಟಿಸಿ ವ್ಯಾನು ಓಡಿಸಿಕೊಂಡು ಬಂದ ಹೆಂಗಸು ಇದನ್ನೂ ಓಡಿಸಬಹುದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ ನೋಡಿ. ಹಗ್ಗ ಎಳೆಯಲಾಗದವರು ಓಡಿಸಲಾರರು ಎಂದು ಎಲ್ಲರೂ ತೀರ್ಮಾನ ಮಾಡಿ ಕೂತಿದ್ದೆವು.

"ಹತ್ರಿ" ಎಂದರು ವೈನಿ.

ಡಾಕ್ಟ್ರು ನಮ್ಮ ಮುಖ ನೋಡಿದರು. ನಾವು ಬೇರೆ ಕಡೆ ನೋಡಿದೆವು. ಹತ್ತಿದರು. ಗಾಡಿ ನಿಧಾನವಾಗಿ ಹೊರಟು, ಆಮೇಲೆ ವೇಗ ಹಿಡಿದು ಸರೋವರದ ನಡುವಿನ ದ್ವೀಪ ಸುತ್ತಿಕೊಂಡು ಬಂತು. ದೂರದಿಂದಲೂ ಡಾಕ್ಟ್ರು ಅತ್ತ ಬಗ್ಗುವುದು, ಇತ್ತ ಬಗ್ಗುವುದು, ಕತ್ತು ಉದ್ದ ಮಾಡುವುದು ಕಾಣುತ್ತಿತ್ತು. ನಮ್ಮ ಮುಂದೆ ಬಂದು ನಿಂತ ಕೂಡಲೇ ಇಳಿದು ಹೆಲ್ಮೆಟ್ ಕಿತ್ತರು.

"ಅಲ್ಲಾ, ಹಿಂದ ಕೂತ್ರ ಏನೂ ಕಾಣೂದಽ ಇಲ್ಲಲ್ಲ!"

"ಏನೂ ಅಂದ್ರ?" ಎಂದರು ವೈನಿ.

"ಏನೂ ಅಂದ್ರ ಏನೂ. ಗುಡ್ಡ ಇಲ್ಲ, ದಂಡಿ ಇಲ್ಲ. ನಿನ್ನ ಬೆನ್ನೊಂದಽ ಕಾಣ್ತದ."

"ಹೌದಲ್ರಿ" ಎಂದರು ವೈನಿ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವಷ್ಟೇ ಸಹಜವಾಗಿ. "ಇಷ್ಟು ವರ್ಷ ನಾ ನೋಡಿದ್ದೂ ನಿಮ್ಮ ಬೆನ್ನಽ."

ಡಾಕ್ಟ್ರು ಎರಡು ಹೆಜ್ಜೆ ಹೋದರು, ತಿರುಗಿ ಬಂದರು.

"ಮತ್ತ ಒಂದ್ ಸರ್ತೇರ ಹೇಳಬಾರದಿತ್ತೇನು?"

"ಹೇಳಿದ್ದೆ. ಮೊದಲನೇ ವರ್ಷ ಹೇಳಿದೆ, ಆಮ್ಯಾಲೂ ಹೇಳಿದೆ. ಒದರಿ ಒದರಿ ಹೇಳಿದೆ. ನಿಮ್ಮ ಎಮ್ಮಿ ಸಪ್ಪಳದಾಗ ನಿಮಗ ಕೇಳಸಲಿಲ್ಲ. ಕೇಳಸೂದಿಲ್ಲ ಅಂತ ಗೊತ್ತಾದ ಮ್ಯಾಲೆ ಬಿಟ್ಟೆ."

ಡಾಕ್ಟ್ರ ಕಾಲು ನಿಂತಿತು. ಕೈ ಮಾತ್ರ ನಡುಗುತ್ತಿತ್ತು. ವೈನಿ ಆ ಕೈ ಹಿಡಿದು ತಮ್ಮ ಭುಜದ ಮೇಲೆ ಇಟ್ಟುಕೊಂಡರು.

"ಹತ್ರಿ. ಇದು ಎಮ್ಮಿ ಹಂಗ ಸಪ್ಪಳ ಮಾಡೂದಿಲ್ಲ. ನಿಮಗ ಏನ್ ಹೇಳೂದದ ಹೇಳ್ರಿ, ಕೇಳಸ್ತದ. ನಂದೂ ಭಾಳ ಹೇಳೂದದ."

ಡಾಕ್ಟ್ರು ಹತ್ತಿದರು. ಹೆಲ್ಮೆಟ್ ಹಾಕಿಕೊಳ್ಳುವ ಮುಂಚೆಯೇ ಏನೋ ಶುರುಮಾಡಿದ್ದರು. ಗಾಡಿ ದೂರ ಹೋಗಿ ಅವರಿಬ್ಬರೂ ಒಂದು ಚುಕ್ಕೆಯಷ್ಟಾದರೂ, ಆ ನಿಶ್ಶಬ್ದದ ಸರೋವರದ ಮೇಲೆ ಇಬ್ಬರ ಮಾತೂ ನಮಗೆ ಕೇಳಿಸುತ್ತಲೇ ಇತ್ತು.